ಪಳಗಿದ ಕಿವಿ

ನನ್ನ ಅಣ್ಣನಿಗೆ ಗುಟ್ಟು ಹೇಳಲು ಬರುತ್ತಿರಲಿಲ್ಲ. ಅವನು ಪಿಸುಗುಟ್ಟಿದರೆ ಅಕ್ಕಪಕ್ಕದ ಮೂರು ಮನೆಗೆ ಕೇಳಿಸುತ್ತಿತ್ತು. ಮದುವೆಯಾದ ಹೊಸದರಲ್ಲಿ ಅತ್ತಿಗೆಯ ಕಿವಿಯ ಹತ್ತಿರ ಬಾಯಿಟ್ಟು, "ಹಸಿರು ಬಣ್ಣ ನಿಂಗೆ ಚೆನ್ನಾಗಿ ಒಪ್ಪುತ್ತೆ" ಅಂದನಂತೆ. ಮರುದಿನ ಎದುರುಮನೆಯ ದರ್ಜಿ ಬಾಗಿಲಲ್ಲಿ ನಿಂತು, "ಹಸಿರು ಬಟ್ಟೆ ಬಂದಿದೆ ತಂಗಿ, ಹೊಲಿದು ಕೊಡ್ಲಾ?" ಎಂದು ಕೇಳಿದ. ಅತ್ತಿಗೆ ಇವತ್ತಿಗೂ ಆ ದರ್ಜಿಯನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗಿಬಿಡುತ್ತಾಳೆ.

ತಪ್ಪು ಅಣ್ಣನದಲ್ಲ, ಅವನ ಕೆಲಸದ್ದು. ಹದಿನೇಳನೇ ವಯಸ್ಸಿಗೆ ನೇಯ್ಗೆಯ ಶೆಡ್ಡು ಸೇರಿದವನು ಅಲ್ಲೇ ಫಿಟ್ಟರ್ ಆದ, ಅಲ್ಲೇ ಅವನ ತಲೆ ನರೆಯಿತು. ಒಂದೇ ತಗಡಿನ ಮಾಡಿನ ಕೆಳಗೆ ಅರವತ್ತು ಮಗ್ಗ. ಒಂದೊಂದು ಮಗ್ಗದಲ್ಲೂ ಲಾಳಿ ನಿಮಿಷಕ್ಕೆ ನೂರೈವತ್ತು ಸಲ ಆ ಕಡೆಯಿಂದ ಈ ಕಡೆಗೆ ಹೋಗಿ ಬಡಿಯುತ್ತದೆ. ಒಳಗೆ ಕಾಲಿಟ್ಟರೆ ಎದೆಗೂಡು ನಡುಗುತ್ತದೆ. ಅಲ್ಲಿ ಯಾರೂ ಮಾತಾಡುವುದಿಲ್ಲ, ಒಬ್ಬರ ತುಟಿ ಒಬ್ಬರು ನೋಡಿಕೊಂಡು ಸಂಸಾರದ ಕಥೆಯೆಲ್ಲ ಮುಗಿಸುತ್ತಾರೆ. ಮನೆಗೆ ಬಂದ ಮೇಲೂ ಅದೇ ಅಭ್ಯಾಸ. ಬೆನ್ನು ತಿರುಗಿಸಿ ಮಾತಾಡಿದರೆ ಅಣ್ಣನಿಗೆ ರೇಗುತ್ತಿತ್ತು.

ಆ ಗದ್ದಲದಲ್ಲಿ ಯಾವ ಮಗ್ಗಕ್ಕೆ ಏನು ಕಾಯಿಲೆ ಎಂದು ಅವನು ಕೇಳಿಯೇ ಹೇಳುತ್ತಿದ್ದ. ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮಗ್ಗದ ಮೈಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಬೇರಿಂಗು ಇನ್ನು ಎರಡು ದಿನ" ಎಂದರೆ ಎರಡೇ ದಿನ. ಎಲ್ಲರೂ ಅವನನ್ನು ಕಿವಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೆಸರಿನ ಮೇಲೆ ಅವನಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ, ಅವನಿಗಿದ್ದ ಜಂಬ ಅದೊಂದೇ.

ನನಗೆ ಹತ್ತು ವರ್ಷವಿದ್ದಾಗ ಅಪ್ಪ ಹೋದ. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಹತ್ತೊಂಬತ್ತರ ಅಣ್ಣ ಎಣ್ಣೆ ಹತ್ತಿದ ಕೈಯಲ್ಲೇ ನನಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದ. ಜಡೆ ಹಗ್ಗದಷ್ಟು ಬಿಗಿಯಾಗಿರುತ್ತಿತ್ತು, ಸಂಜೆಯವರೆಗೆ ಹುಬ್ಬು ಇಳಿಯುತ್ತಿರಲಿಲ್ಲ. ಇಪ್ಪತ್ತನಾಲ್ಕು ತುಂಬಿದಾಗ ನಾನೂ ಶೆಡ್ಡಿಗೆ ಬರುತ್ತೇನೆ, ನೂಲು ಸುತ್ತುವುದಕ್ಕಲ್ಲ, ಫಿಟ್ಟರ್ ಕೆಲಸಕ್ಕೆ ಎಂದು ಹಟ ಹಿಡಿದೆ. ಮ್ಯಾನೇಜರು ನಕ್ಕ. ಅಣ್ಣ ಅವನ ಮೇಜಿನ ಮುಂದೆ ನಿಂತು ಎಷ್ಟು ಜೋರಾಗಿ ವಾದ ಮಾಡಿದನೆಂದರೆ, ಮ್ಯಾನೇಜರು ನನ್ನನ್ನು ಸೇರಿಸಿಕೊಂಡದ್ದು ಒಪ್ಪಿಯೋ ತಲೆನೋವು ತಾಳಲಾರದೆಯೋ ನನಗೆ ಈಗಲೂ ಗೊತ್ತಿಲ್ಲ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಹೊಸದಾಗಿ ಸೇರಿದವರಿಗೆ ಕೆಲವು ತಿಂಗಳಲ್ಲಿ ಮನೆಗೆ ಹೋದ ಮೇಲೂ ಕಿವಿಯಲ್ಲಿ ಗುಂಯ್ ಎನ್ನಲು ಶುರುವಾಗುತ್ತದೆ. ಹಾಗೆ ಆಯಿತೆಂದು ಬಂದು ಹೇಳಿದರೆ ಯಾರೂ ಗಾಬರಿಯಾಗುತ್ತಿರಲಿಲ್ಲ. "ಕಿವಿ ಪಳಗಿತು!" ಎಂದು ಬೆನ್ನು ತಟ್ಟುತ್ತಿದ್ದರು. ಮಗ್ಗ ನಿನ್ನ ಕಿವಿಯೊಳಗೆ ಮನೆ ಮಾಡಿತು, ಇನ್ನು ಅದರ ಮಾತು ನಿನಗೆ ತಿಳಿಯುತ್ತದೆ ಎಂಬ ನಂಬಿಕೆ. ಆ ದಿನ ಕೆಲಸ ಕಲಿಸಿದ ಗುರು ಶೆಡ್ಡಿಗೆಲ್ಲ ಚಹಾ ಕೊಡಿಸಬೇಕು. ಅಣ್ಣ ತನ್ನ ಗುರುವಿನಿಂದ ಹಾಗೆ ಕುಡಿದಿದ್ದ, ಆಮೇಲೆ ತಾನು ಕಲಿಸಿದವರಿಗೆಲ್ಲ ಕುಡಿಸಿದ.

ನನ್ನ ಸರದಿ ಐದನೇ ತಿಂಗಳಿಗೆ ಬಂತು. ಬೆಳಿಗ್ಗೆ ಹಲ್ಲುಜ್ಜುತ್ತಾ, "ಅಣ್ಣ, ಎಡಗಿವೀಲಿ ಯಾರೋ ಸಿಳ್ಳೆ ಹಾಕ್ತಿದಾರೆ ಕಣೋ" ಅಂದೆ. ಅವನ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ನಿಜವಾಗ್ಲೂ? ಸುಳ್ಳು ಹೇಳ್ತಿಲ್ಲ ತಾನೇ?" ಎಂದು ಎರಡೆರಡು ಸಲ ಕೇಳಿದ. ಆ ದಿನ ಚಹಾದ ಜೊತೆ ಬನ್ನೂ ಬಂತು. "ನನ್ನ ತಂಗಿ ಕಿವಿ ಪಳಗಿತು" ಎಂದು ಕಂಡಕಂಡವರ ಕೈಗೆ ಲೋಟ ಕೊಡುತ್ತಾ ಓಡಾಡಿದ. ನಾನೂ ಬೀಗಿದೆ. ಶೆಡ್ಡಿನ ಮೊದಲ ಹೆಂಗಸು ಫಿಟ್ಟರ್, ಅದೂ ಪಳಗಿದ ಕಿವಿಯವಳು ಎಂದರೆ ಸಾಮಾನ್ಯವೇ?

ಕಂಪನಿಯಿಂದ ಒಮ್ಮೆ ಹಳದಿ ಸ್ಪಂಜಿನ ಕಿವಿಬಿರಡೆಗಳ ಪೆಟ್ಟಿಗೆ ಬಂದಿತ್ತು. ಅಣ್ಣ ಒಂದನ್ನು ಹಿಸುಕಿ ನೋಡಿ, "ಇದನ್ನ ಹಾಕ್ಕೊಂಡು ಮಗ್ಗ ನೋಡೋದು ಒಂದೇ, ಕಣ್ಣಿಗೆ ಬಟ್ಟೆ ಕಟ್ಕೊಂಡು ಸೂಜಿ ಪೋಣಿಸೋದು ಒಂದೇ" ಎಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಎಸೆದ. ಕಿವಿ ಮೇಷ್ಟ್ರೇ ಹಾಗೆಂದ ಮೇಲೆ ಇನ್ಯಾರು ಮುಟ್ಟುತ್ತಾರೆ?

ಅಣ್ಣನಿಗೆ ಐವತ್ತೆರಡಾದಾಗ ಹೊಸ ಮಗ್ಗಗಳು ಬಂದವು, ಹಳೆಯವಕ್ಕಿಂತ ಎರಡರಷ್ಟು ವೇಗ. ಅವನ್ನು ಕೂರಿಸಲು ಒಂದು ವಾರ ಪಾಳಿಯ ಮೇಲೆ ಪಾಳಿ ಮಾಡಿದ. ಎಂಟನೇ ದಿನ ಮನೆಗೆ ಬಂದವನು ಕಿವಿ ಹಿಡಿದುಕೊಂಡು ಕೂತ. ಮೂವತ್ತೈದು ವರ್ಷ ಸಣ್ಣಗೆ ಹಾಡುತ್ತಿದ್ದದ್ದು ಈಗ ತಲೆಯೊಳಗೆ ಗರಗಸ ಎಳೆಯತೊಡಗಿತ್ತು. ಮೊದಲು ಅದು ಹೊರಗಿನ ಶಬ್ದ ಎಂದೇ ಅವನು ನಂಬಿದ. ನೀರಿನ ಮೋಟಾರು ಆರಿಸಿ ಎಂದು ನಾಲ್ಕು ಮನೆಗೆ ಹೋಗಿ ಜಗಳವಾಡಿದ. ನಾಲ್ಕನೇ ಮನೆಯಲ್ಲಿ ಮೋಟಾರೇ ಇರಲಿಲ್ಲ. ಆ ಮನೆಯ ಅಜ್ಜಿ ಅವನನ್ನು ಕೂರಿಸಿ ನೀರು ಕೊಟ್ಟು ಕಳಿಸಿದಳು.

ಆಮೇಲೆ ಮನೆಯಲ್ಲಿ ಸಣ್ಣ ಸದ್ದೂ ಆಗುವಂತಿರಲಿಲ್ಲ. ಅತ್ತಿಗೆಯ ಕೈಯಿಂದ ಒಂದು ತಟ್ಟೆ ಜಾರಿದರೆ ಅವನು ಚೀರಿಬಿಡುತ್ತಿದ್ದ. ಒಬ್ಬನೇ ಕೂತಿದ್ದರೆ ಇನ್ನೂ ಕಷ್ಟ, ಸದ್ದಿಲ್ಲದ ಕೋಣೆಯಲ್ಲಿ ಆ ಗರಗಸ ದೊಡ್ಡದಾಗುತ್ತಿತ್ತು. ಚಳಿಯಲ್ಲೂ ಫ್ಯಾನು ಹಾಕಿಕೊಂಡು, ಕಂಬಳಿ ಹೊದ್ದು, ಅದರ ಗಾಳಿಯ ಸದ್ದಿಗೆ ಕಿವಿ ಕೊಟ್ಟು ಕೂರುತ್ತಿದ್ದ. "ರೀ, ಹೀಗೇ ಇದ್ರೆ ನಿಮಗೆ ಹುಚ್ಚು ಹಿಡಿಯುತ್ತೆ" ಎಂದು ಅತ್ತಿಗೆ ಅತ್ತಳು. ಅವನು ಅವಳ ತುಟಿ ನೋಡಿ, "ಹಿಡಿದಾಗಿದೆ" ಎಂದ. ಕೊನೆಗೆ ನಾನೇ ರಜೆ ಹಾಕಿ ಅವನನ್ನು ಕಿವಿಯ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಕಿವಿ ಪರೀಕ್ಷೆ ಮಾಡುವವಳು ಸಣ್ಣ ವಯಸ್ಸಿನವಳು, ಸಮಾಧಾನದವಳು. ಅಣ್ಣನನ್ನು ಗಾಜಿನ ಕಿಟಕಿಯ ಒಂದು ಡಬ್ಬದಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದಳು. ಅವನು ಸದ್ದಿಲ್ಲದಾಗಲೂ ಒತ್ತುತ್ತಿದ್ದ. ತನ್ನ ತಲೆಯೊಳಗಿನದು ಯಾವುದು, ಯಂತ್ರದ್ದು ಯಾವುದು ಎಂದು ಕಿವಿ ಮೇಷ್ಟ್ರಿಗೇ ಗೊತ್ತಾಗಲಿಲ್ಲ. ಗಾಜಿನ ಆಚೆ ಅವನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ನಾನು ಬೇರೆ ಕಡೆ ನೋಡಿದೆ.

ಅವಳು ಹಾಳೆ ತೋರಿಸಿದಳು. ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಒಂದು ಕಡೆ ಹೊಂಡಕ್ಕೆ ಬಿದ್ದಿತ್ತು. "ಈ ಹೊಂಡ ಗದ್ದಲದಿಂದ ಆಗಿದ್ದು ಸರ್. ಹೋಗಿದ್ದು ವಾಪಸ್ ಬರಲ್ಲ, ಉಳಿದಿದ್ದನ್ನ ಕಾಪಾಡ್ಕೋಬೇಕು. ಶೆಡ್ಡಲ್ಲಿ ಕಿವಿ ಮುಚ್ಕೊಳ್ಳಿ, ಮನೇಲಿ ಮುಚ್ಕೋಬೇಡಿ. ಮನೇಲಿ ಮುಚ್ಕೊಂಡ್ರೆ ಒಳಗಿನ ಸದ್ದು ಜಾಸ್ತಿ ಅನ್ಸುತ್ತೆ. ಸಣ್ಣಗೆ ರೇಡಿಯೋ, ಫ್ಯಾನು ಏನಾದ್ರೂ ಇರಲಿ. ನಿದ್ದೆಗೆಡಬೇಡಿ. ಜೋರಾದಾಗ ಹೆದರಬೇಡಿ, ಅದು ಇಳಿಯುತ್ತೆ."

ಅಣ್ಣ ತಲೆಯಾಡಿಸಿದ. ಆಮೇಲೆ ಅವಳಿಗೆ ಬುದ್ಧಿ ಹೇಳುವವನ ಹಾಗೆ, "ಅಲ್ಲಮ್ಮ, ಈಗ ಜೋರಾಗಿದೆ ಸರಿ. ಆದ್ರೆ ಮೊದಲನೇ ಸಲ ಗುಂಯ್ ಅನ್ನೋದು ಒಳ್ಳೇದಕ್ಕೇ ತಾನೇ? ಕಿವಿ ಪಳಗೋದು ಹಾಗೇನೇ" ಎಂದು ನಮ್ಮ ಪದ್ಧತಿಯನ್ನೆಲ್ಲ ವಿವರಿಸಿದ, ಚಹಾದ ಸಮೇತ. ಅವಳು ಪೂರ್ತಿ ಕೇಳಿಸಿಕೊಂಡಳು. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಅವನಿಗೆ ತುಟಿ ಕಾಣುವಂತೆ ಮುಖ ಎತ್ತಿ, "ಅದು ಕಿವಿ ಹಾಳಾಗೋಕೆ ಶುರುವಾಗಿದೆ ಅನ್ನೋ ಗುರುತು ಸರ್" ಎಂದಳು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ನಾನು ಔಷಧಿಯ ಚೀಟಿ ಮಡಿಸುತ್ತಿದ್ದೆ. "ನಿಂಗೂ ಅವತ್ತು ಬಂದಿತ್ತಲ್ಲ" ಎಂದ, ಇಡೀ ಪಡಸಾಲೆಗೆ ಕೇಳುವಂತೆ. "ಈಗಲೂ ಇದೆಯಾ?"

"ಅಯ್ಯೋ, ಅದು ಒಂದೇ ವಾರಕ್ಕೆ ನಿಂತೋಯ್ತು. ನಿನ್ನ ಬನ್ನಿನ ಆಸೆಗೆ ಸ್ವಲ್ಪ ಜಾಸ್ತಿ ಹೇಳಿದ್ದೆ" ಎಂದು ನಕ್ಕೆ.

ಒಂದು ದಿನವೂ ನಿಂತಿರಲಿಲ್ಲ. ನೆಗಡಿಯಾದರೆ, ನಿದ್ದೆಗೆಟ್ಟರೆ ಅದು ಎರಡು ಪಟ್ಟಾಗುತ್ತಿತ್ತು. ನಾನು ಅದರ ಜೊತೆಗೇ ಉಂಡು, ಅದರ ಜೊತೆಗೇ ಮಲಗಿ, ಅದನ್ನು ನನ್ನ ಹೆಚ್ಚುಗಾರಿಕೆಯೆಂದೇ ಸಾಕಿಕೊಂಡು ಬಂದಿದ್ದೆ. ಪಕ್ಕದ ಮನೆಯ ಮಗು ತೊದಲು ಮಾತಾಡಿದರೆ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಮಕ್ಕಳ ಮಾತೇ ಹಾಗೆ ಎಂದುಕೊಂಡಿದ್ದೆ.

ಅಣ್ಣ ಕೆಲಸಕ್ಕೆ ವಾಪಸಾದ ಮೊದಲ ದಿನವೇ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದ. ಬಿರಡೆಯನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡುವುದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಸೇರಿಸುವುದು, ಅದು ಉಬ್ಬಿಕೊಳ್ಳುವವರೆಗೆ ಒತ್ತಿ ಹಿಡಿಯುವುದು, ಇದನ್ನು ಒಬ್ಬೊಬ್ಬರ ಮುಂದೆ ನಿಂತು ಹೇಳಿಕೊಟ್ಟ. ಹುಡುಗರು ಗೇಲಿ ಮಾಡಿದರು. "ಮೇಷ್ಟ್ರೇ, ನಿಮ್ಮ ಅಂಗಡಿ ನೀವೇ ಮುಚ್ತಿದೀರಲ್ಲ?" ಅವನು ನಗಲಿಲ್ಲ. ಬಿರಡೆ ತೆಗೆದವರ ಮಗ್ಗವನ್ನು ಹೋಗಿ ನಿಲ್ಲಿಸಿಬಿಡುತ್ತಿದ್ದ. ಮ್ಯಾನೇಜರ ಬಳಿ ಮತ್ತೆ ಅದೇ ಜೋರಿನ ವಾದ. ಎಲ್ಲರಿಗೂ ಕಿವಿ ಪರೀಕ್ಷೆ ಮಾಡಿಸಲೇಬೇಕೆಂದು.

ಭಾನುವಾರಗಳಲ್ಲಿ ಅವನು, ನನ್ನನ್ನು ಬಿಟ್ಟು, ತಾನು ಕೆಲಸ ಕಲಿಸಿದ ಹದಿನಾರು ಜನರ ಮನೆಗೆ ಹೋದ, ಒಂದೊಂದು ವಾರ ಇಬ್ಬಿಬ್ಬರು. ಕೆಲವರು ಕೆಲಸ ಬಿಟ್ಟಿದ್ದರು, ಒಬ್ಬ ತೀರಿಹೋಗಿದ್ದ. ಅವನು ಕೇಳುತ್ತಿದ್ದದ್ದು ಒಂದೇ ಮಾತು, ಈಗಲೂ ಇದೆಯಾ? ಎಲ್ಲರೂ ಇದೆ ಎಂದರು. ತೀರಿಹೋದವನ ಹೆಂಡತಿ, "ಕೊನೆವರೆಗೂ ಇತ್ತು, ನಿಮ್ಮನ್ನ ಹೊಗಳ್ತಾನೇ ಇದ್ರು" ಅಂದಳಂತೆ. ಅದನ್ನು ಹೇಳಿದ ದಿನ ಅಣ್ಣ ತಟ್ಟೆ ಸರಿಸಿ ಎದ್ದುಬಿಟ್ಟ.

"ಹದಿನಾರು ಜನರ ಕಿವಿ ತಿಂದೆ ಕಣೇ ನಾನು" ಎಂದು ಅವನು ಅತ್ತಿಗೆಗೆ ಹೇಳುತ್ತಿದ್ದ. ನನ್ನ ಕಡೆ ತಿರುಗಿ, "ಇವಳೊಬ್ಬಳು ತಪ್ಪಿಸ್ಕೊಂಡ್ಳು. ಅಷ್ಟಾದ್ರೂ ಆಯ್ತಲ್ಲ" ಎನ್ನುತ್ತಿದ್ದ. ಹಾಗೆಂದಾಗಲೇ ಅವನು ತಟ್ಟೆಯ ಮುಂದೆ ಕೂರುತ್ತಿದ್ದದ್ದು, ನಾಲ್ಕು ತುತ್ತು ತಿನ್ನುತ್ತಿದ್ದದ್ದು. ಅತ್ತಿಗೆ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ಫೋನನ್ನು ನಾನು ಯಾವತ್ತೂ ಬಲಗಿವಿಗೇ ಹಿಡಿಯುವುದನ್ನು ಅವಳು ನೋಡಿದ್ದಳು. ಪಾತ್ರೆ ತೊಳೆಯುತ್ತಾ ಒಮ್ಮೆ, "ಸುಳ್ಳಾದ್ರೂ ಸರಿ, ಅದನ್ನ ಹಾಗೇ ಇಟ್ಟಿರು" ಎಂದಳು.

ಇಡಬಹುದಿತ್ತು. ಆದರೆ ಅಣ್ಣನ ಹಟ ಗೆದ್ದಿತು. ಮ್ಯಾನೇಜರು ಒಪ್ಪಿ, ಒಂದು ಮಧ್ಯಾಹ್ನ ಪರೀಕ್ಷೆಯವಳು ಯಂತ್ರದ ಸಮೇತ ಶೆಡ್ಡಿನ ಅಂಗಳಕ್ಕೆ ಬಂದಳು. ವ್ಯಾನಿನೊಳಗೇ ಆ ಗಾಜಿನ ಕೋಣೆ. ಬೆಲ್ಟು ಬಿಗಿಮಾಡಬೇಕು, ಎಣ್ಣೆ ಹಾಕಬೇಕು ಎಂದು ನಾನು ಹಿಂದೆ ಹಿಂದೆ ಸರಿಯುತ್ತಿದ್ದೆ. ಅಣ್ಣ ನನ್ನ ರಟ್ಟೆ ಹಿಡಿದು ಸಾಲಿನ ಮುಂದಕ್ಕೆ ತಂದು ನಿಲ್ಲಿಸಿದ. "ಮೊದಲು ಇವಳು. ಚೆನ್ನಾಗಿರೋ ಕಿವಿಯ ಗೆರೆ ಹೇಗಿರುತ್ತೆ ಅಂತ ಎಲ್ರೂ ನೋಡ್ಲಿ."

ಒಳಗೆ ಕೂತು ನಾನು ಮೋಸ ಮಾಡಲು ನೋಡಿದೆ. ಅಂದಾಜಿನ ಮೇಲೆ ಗುಂಡಿ ಒತ್ತಿದೆ. ಸಿಳ್ಳು ಕಿವಿಯ ತುಂಬ ಇತ್ತು, ಯಂತ್ರದ ಸದ್ದು ಎಲ್ಲಿ ಎಂದು ಹುಡುಕುವುದರಲ್ಲೇ ನನಗೂ ಹಣೆ ಬೆವರಿತು. ಪರೀಕ್ಷೆಯವಳು ಗಾಜಿನ ಆಚೆಯಿಂದ ಒಮ್ಮೆ ನನ್ನನ್ನು ನೋಡಿ, ಮತ್ತೆ ಮೊದಲಿನಿಂದ ಶುರುಮಾಡಿದಳು.

ಹಾಳೆ ಹೊರಗೆ ಬರುವಷ್ಟರಲ್ಲಿ ಅಣ್ಣ ವ್ಯಾನಿನ ಮೆಟ್ಟಿಲ ಮೇಲೆ ಕೈ ಚಾಚಿ ನಿಂತಿದ್ದ. ಗೆರೆ ಓದುವುದನ್ನು ಅವನು ಅಷ್ಟರಲ್ಲಿ ಕಲಿತುಬಿಟ್ಟಿದ್ದ. ನೋಡಿದ. ಹಾಳೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದ.

"ಎಷ್ಟು ವರ್ಷದಿಂದ?" ಎಂದ.

"ಹತ್ತೊಂಬತ್ತು" ಎಂದೆ. ತಲೆ ತಗ್ಗಿಸಿದ್ದೆ, ನನ್ನ ತುಟಿ ಅವನಿಗೆ ಕಾಣಿಸಲಿಲ್ಲ.

"ಏನು?"

"ಹತ್ತೊಂಬತ್ತು, ಅಣ್ಣ."

"ಕೇಳಿಸ್ತಿಲ್ಲ ಕಣೇ. ಜೋರಾಗಿ ಹೇಳು."

ನಾನು ಕೂಗಿದೆ. "ಹತ್ತೊಂಬತ್ತು ವರ್ಷದಿಂದ! ಒಂದು ದಿನಾನೂ ನಿಂತಿಲ್ಲ!" ಊಟದ ಹೊತ್ತು, ಮಗ್ಗಗಳೆಲ್ಲ ನಿಂತಿದ್ದವು. ಇಡೀ ಸಾಲು ತಿರುಗಿ ನೋಡಿತು. ನನಗೆ ಅಳು ಬಂತು, ಸಿಟ್ಟೂ ಬಂತು. ಅವನ ಮೇಲಲ್ಲ, ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ.

ಅಣ್ಣ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನಮ್ಮ ತಲೆಯ ಮೇಲೇ ಊಟ ಮುಗಿದ ಸೈರನ್ನು ಕೂಗಿತು. ಅವನು ಬೆಚ್ಚಿದ, ನೋವಿಗೆ ಅವನ ಕಣ್ಣು ಮುಚ್ಚಿಹೋಯಿತು. ಆದರೂ ಹಾಳೆ ಕೆಳಗೆ ಬಿಟ್ಟು, ತನ್ನ ಎರಡೂ ಕೈಗಳಿಂದ ನನ್ನ ಕಿವಿಗಳನ್ನು ಒತ್ತಿ ಮುಚ್ಚಿದ. ಅವನ ಕಿವಿ ತೆರೆದೇ ಇತ್ತು. ಸೈರನ್ನು ನಿಂತ ಮೇಲೂ ಅವನು ಕೈ ತೆಗೆಯಲಿಲ್ಲ. ಅದು ನಿಂತದ್ದು ಅವನಿಗೆ ತಿಳಿಯಲಿಲ್ಲವೋ ಏನೋ.

ಆ ಒರಟು ಅಂಗೈಗಳ ಒಳಗೆ ಹೊರಗಿನ ಸದ್ದೆಲ್ಲ ಅಡಗಿ, ನನ್ನ ಸಿಳ್ಳು ಹಿಂದೆಂದೂ ಇಲ್ಲದಷ್ಟು ಜೋರಾಗಿ ಕೇಳಿಸಿತು. ಅದನ್ನು ನಾನು ಅವನಿಗೆ ಹೇಳಲಿಲ್ಲ.