ವರವು ಕಾವಲಿನ ಬೂಟು ಪರೀಕ್ಷೆ

ಕುದಾಪುರದ ಬೋರಯ್ಯನಿಗೆ ಐವತ್ತು ವರ್ಷದವರೆಗೆ ಬೂಟು ಅಂದರೆ ಏನೆಂದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಅವನಿಗೇನೂ ನಷ್ಟವಾಗಿರಲಿಲ್ಲ. ವರವು ಕಾವಲೆಂಬ ಹುಲ್ಲುಗಾವಲಿನಲ್ಲಿ ಸರ್ಕಾರದ ದನ ಕಾಯುವ ಹನ್ನೆರಡು ಕಾವಲುಗಾರರಲ್ಲಿ ಅವನೊಬ್ಬ. ಆ ದನಗಳೇನು ಕೊಟ್ಟಿಗೆಯಲ್ಲಿ ಬಾಲ ಆಡಿಸಿಕೊಂಡು ನಿಲ್ಲುವ ಜಾತಿಯಲ್ಲ. ಹೊಸ ಮನುಷ್ಯನ ನೆರಳು ಕಂಡರೆ ಸಾಕು, ಕಿವಿ ನಿಮಿರಿಸಿಕೊಂಡು ಮೈಲಿಗಟ್ಟಲೆ ಓಡುವಂಥವು. ಗುಂಪಿನಿಂದ ಸಿಡಿದ ಹೋರಿಗರುವನ್ನು ಓಟದಲ್ಲಿ ಹಿಂದೆ ಹಾಕಬೇಕು, ಎದುರು ನಿಲ್ಲಬೇಕು, ಅದು ಎಡಕ್ಕೆ ಹೊರಳಿದರೆ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ ಹೊರಳಿ ತಡೆಯಬೇಕು. ಈ ಕೆಲಸದಲ್ಲಿ ಬೋರಯ್ಯನನ್ನು ಮೀರಿಸುವವನು ದೇವಸಮುದ್ರದವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಅವನ ಪಾದಕ್ಕೆ ಜಾಲಿಮುಳ್ಳು ಚುಚ್ಚಿದರೆ ಮುಳ್ಳೇ ಮುರಿಯುತ್ತದೆ ಎಂದು ಊರವರು ನಗುತ್ತಿದ್ದರು. ಬೋರಯ್ಯ ಅದನ್ನು ಕೇಳಿ ಉಬ್ಬುತ್ತಿದ್ದ.

ಸಾವಿರದ ಒಂಬೈನೂರ ಎಂಟನೇ ಇಸವಿಯಲ್ಲಿ ಆ ಕಾವಲಿಗೆ ಸೋಮಶೇಖರಪ್ಪ ಎಂಬ ಹೊಸ ದರೋಗರು, ಅಂದರೆ ಮೇಲ್ವಿಚಾರಕರು, ಬಂದರು. ಹಾಸಿಗೆಯಿಂದ ಇಳಿಯುವಾಗಲೇ ಬೂಟಿನೊಳಕ್ಕೆ ಇಳಿಯುವ ಮನುಷ್ಯ ಅವರು. ಸರ್ಕಾರದ ದನಗಳನ್ನು ಬರಿಗಾಲಿನವರು ಕಾಯುವುದು ಅವರ ಕಣ್ಣಿಗೆ ದೊಡ್ಡ ಅವಮಾನವಾಗಿ ಕಂಡಿತು. ಮೇಲಿನವರಿಗೆ ಬರೆದರು, ಮತ್ತೆ ಬರೆದರು. ಕೊನೆಗೆ ಪೀಡೆ ತೊಲಗಲೆಂದೋ ಏನೋ, ಮೇಲಿನವರು ಒಂದು ಜೊತೆ ಬೂಟು ಕಳಿಸಿದರು. ಜೊತೆಗೆ ಒಂದು ಹುಕುಂ: ಕಾವಲುಗಾರನು ಇವನ್ನು ಧರಿಸಿ ಎಷ್ಟು ವೇಗವಾಗಿ ಓಡುತ್ತಾನೆ, ಎಷ್ಟು ಬೇಗ ನಿಲ್ಲುತ್ತಾನೆ, ತಿರುಗುವಾಗ ಜಾರುತ್ತಾನೆಯೋ ಇಲ್ಲವೋ, ಮೂರು ತಿಂಗಳು ಪರೀಕ್ಷಿಸಿ ವರದಿ ಮಾಡತಕ್ಕದ್ದು.

ಪರೀಕ್ಷೆಗೆ ಬೋರಯ್ಯನನ್ನು ಆರಿಸಲಾಯಿತು. ಬೂಟು ಹೊತ್ತು ಮನೆಗೆ ಬಂದಾಗ ಹೆಂಡತಿ ಯರ್ರಮ್ಮ ಬಾಗಿಲಲ್ಲೇ ನಿಂತು ಕಣ್ಣು ಕಣ್ಣು ಬಿಟ್ಟಳು.

"ಇದೇನು, ಎರಡು ಕೊಳಗ ತಂದಿದೀಯ?"

"ಕೊಳಗ ಅಲ್ಲ ಕಣೇ, ಬೂಟು. ಕಾಲಿಗೆ ಹಾಕ್ಕಳಾದು."

ಯರ್ರಮ್ಮ ಒಂದನ್ನು ಎತ್ತಿ ನೋಡಿದಳು. ಅಟ್ಟೆಯ ತುಂಬ ಕಬ್ಬಿಣದ ಮೊಳೆ. "ಎತ್ತಿಗೆ ಲಾಳ ಹೊಡೀತಾರೆ, ಸರಿ. ಈಗ ಮನುಷ್ಯರಿಗೂ ಸುರು ಮಾಡಿದ್ರಾ?" ಎಂದು ಮೂಗು ಮುರಿದು ಒಳಗೆ ಹೋದಳು.

ಸರ್ಕಾರದ ಮಾತು ಮೀರುವ ಮನುಷ್ಯನಲ್ಲ ಬೋರಯ್ಯ. ಮಾರನೇ ಬೆಳಿಗ್ಗೆ ದರೋಗರ ಬಂಗಲೆಯ ಮುಂದೆ ಬೂಟು ಹಾಕಿಕೊಂಡು, ಸಲಾಮು ಹೊಡೆದು, ಟಕ್ ಟಕ್ ಎಂದು ಕಾವಲಿಗೆ ಹೊರಟ. ದನ ಕಣ್ಣಿಗೆ ಬೀಳುವವರೆಗೆ ಎಲ್ಲವೂ ಸರಿಯಾಗಿತ್ತು. ದನ ಕಂಡದ್ದೇ ತಡ, ಕಾಲು ತಾನಾಗಿ ನಿಂತಿತು, ಕೈ ತಾನಾಗಿ ಬೂಟಿನ ಲಾಡಿ ಬಿಚ್ಚಿತು. ಬೂಟನ್ನು ಎಲೆ ತುಂಬಿದ ಕಮರದ ಮರದ ಕೊಂಬೆಗೆ ನೇತುಹಾಕಿ ಬರಿಗಾಲಲ್ಲಿ ದನದ ನಡುವೆ ನಡೆದ.

ಯಾಕೆಂದು ಕೇಳಿದರೆ ಅವನ ಸೀಮೆಯವರು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಬೋರಯ್ಯನದು ದೇವರ ಎತ್ತು ಕಾಯುವ ಕಿಲಾರಿಗಳ ಮನೆ. ಕುಲದೇವರಿಗೆ ಬಿಟ್ಟ ಎತ್ತುಗಳ ರೊಪ್ಪದೊಳಕ್ಕೆ, ಅಂದರೆ ಮುಳ್ಳುಬೇಲಿಯ ದೊಡ್ಡಿಯೊಳಕ್ಕೆ, ಯಾರೂ ಕೆರ ಮೆಟ್ಟಿ ಹೋಗುವಂತಿಲ್ಲ. ಹುಟ್ಟಿದಾಗಿನಿಂದ ಹಾಗೇ ಬೆಳೆದವನು. ಇವು ದೇವರ ಎತ್ತಲ್ಲ, ಸರ್ಕಾರದ ದನ ಎಂಬುದು ಅವನಿಗೆ ಗೊತ್ತಿತ್ತು. ಅವನ ಕಾಲಿಗೆ ಗೊತ್ತಿರಲಿಲ್ಲ. ಸಂಜೆ ಮರದಿಂದ ಬೂಟು ಇಳಿಸಿ, ಹಾಕಿಕೊಂಡು, ಮತ್ತೆ ಟಕ್ ಟಕ್ ಎಂದು ಬಂಗಲೆಗೆ ಬಂದು ಸಲಾಮು ಹೊಡೆದ. ಮೂರು ತಿಂಗಳು ಇದೇ ನಡೆಯಿತು. ಇದರಲ್ಲಿ ಮೋಸವೇನಾದರೂ ಇದೆ ಎಂದು ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ.

ದರೋಗರು ಪರೀಕ್ಷೆಯನ್ನು ಬಂಗಲೆಯ ಜಗುಲಿಯ ಮೇಲೆ ನೆರಳಿನಲ್ಲಿ ಕೂತು, ದುರ್ಬೀನು ಹಿಡಿದು ನಡೆಸಿದರು. ಆ ವರ್ಷ ಮಳೆ ಚೆನ್ನಾಗಿ ಹಿಡಿದು ಹುಲ್ಲು ಮೊಣಕಾಲು ಮುಚ್ಚುವಷ್ಟು ಬೆಳೆದಿತ್ತು. ದುರ್ಬೀನಿನಲ್ಲಿ ಬೋರಯ್ಯ ಕಾಣುತ್ತಿದ್ದ, ಬೋರಯ್ಯನ ಪಾದ ಕಾಣುತ್ತಿರಲಿಲ್ಲ. ಅವನು ಹೋರಿಗರುವಿನ ಹಿಂದೆ ಬಾಣದಂತೆ ಓಡಿದಾಗ ದರೋಗರು "ವೇಗ: ಅಪಾರ" ಎಂದು ಬರೆದರು. ಓಡುತ್ತಿದ್ದವನು ಹೂತ ಗೂಟದ ಹಾಗೆ ನಿಂತಾಗ "ನಿಲುಗಡೆ: ಉತ್ತಮ" ಎಂದು ಬರೆದರು. ಎಡಕ್ಕೂ ಬಲಕ್ಕೂ ಹೊರಳಿ ಗೂಳಿಯನ್ನೇ ತಡೆದ ದಿನವಂತೂ ಕುರ್ಚಿಯಿಂದ ಎದ್ದು ನಿಂತು, "ಜಾರುವ ಪ್ರಶ್ನೆಯೇ ಇಲ್ಲ" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದರು. ಕೊನೆಯ ದಿನ ಬೂಟು ತರಿಸಿ ತಿರುವಿ ನೋಡಿದರೆ ಮೊಳೆ ಇನ್ನೂ ಮಿರಮಿರ ಮಿಂಚುತ್ತಿದೆ. ಕಲ್ಲುಮುಳ್ಳಿನ ಕಾವಲಿನಲ್ಲಿ ಮೂರು ತಿಂಗಳು ಓಡಿದ ಬೂಟಿಗೆ ಹೇಳಿಕೊಳ್ಳುವಂಥ ಒಂದು ಗೀರಿಲ್ಲ! ದರೋಗರ ಕಣ್ಣು ತುಂಬಿ ಬಂತು.

ವರದಿ ಅಲ್ಲಿಗೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅವರು ಕೊನೆಯಲ್ಲಿ ತಮ್ಮದೂ ಒಂದು ಮಾತು ಸೇರಿಸಿದರು. ಬೂಟು ಹಾಕಿದ ಒಬ್ಬ ಬರಿಗಾಲಿನ ಇಬ್ಬರಿಗೆ ಸಮ. ಆದ್ದರಿಂದ ಈ ಕಾವಲಿಗೆ ಹನ್ನೆರಡು ಜನ ಬೇಕಿಲ್ಲ, ಆರು ಜನ ಸಾಕು. ಬಿಡಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ಪಾತಣ್ಣನದು.

ಪಾತಣ್ಣ ಬೋರಯ್ಯನ ಬಾಲ್ಯದ ಗೆಳೆಯ. ಮೊಣಕಾಲು ಹಿಡಿದುಕೊಂಡು ಹತ್ತು ವರ್ಷವಾಗಿತ್ತು, ಓಡಲಾರ. ಆದರೆ ಯಾವ ಹಸು ಮೇವು ಬಿಟ್ಟಿದೆ, ಯಾವುದರ ಕಣ್ಣಲ್ಲಿ ಜ್ವರವಿದೆ ಎಂದು ಎಲ್ಲರಿಗಿಂತ ಮೊದಲು ಹೇಳುವವನು ಅವನೇ. ಆ ಕೆಲಸಕ್ಕೆ ವರದಿಯಲ್ಲಿ ಜಾಗವಿರಲಿಲ್ಲ. ಸುದ್ದಿ ಕೇಳಿ ಬೋರಯ್ಯ ನೆಟ್ಟಗೆ ಬಂಗಲೆಗೆ ಓಡಿದ.

"ಸ್ವಾಮೇರಾ, ತಪ್ಪಾತು. ನಾನು ಆ ಬೂಟು ಹಾಕ್ಕಂಡು ಓಡೇ ಇಲ್ಲ. ಮರಕ್ಕೆ ನೇತಾಕಿದ್ದೆ."

ದರೋಗರು ನಕ್ಕರು. "ಹಾಕಿಕೊಂಡು ಓಡಿದ್ದೀಯ ಬೋರಯ್ಯ. ನಾನೇ ಕಣ್ಣಾರೆ ನೋಡಿದ್ದೇನೆ."

"ಇಲ್ಲ ಸ್ವಾಮಿ, ದೇವರಾಣೆ ಇಲ್ಲ."

"ವರದಿ ಹೋಗಿಯಾಗಿದೆ," ಎಂದರು ದರೋಗರು, ಈಗ ನಗದೆ. "ದೊಡ್ಡ ಸಾಹೇಬರೇ ಮುಂದಿನ ತಿಂಗಳು ನೋಡಲು ಬರುತ್ತಿದ್ದಾರೆ. ಬಾಯಿ ಮುಚ್ಚಿಕೊಂಡು ಓಡು."

ದೊಡ್ಡ ಸಾಹೇಬರು ಬಂದ ದಿನ, ಎಲ್ಲರಿಗೂ ಚೆನ್ನಾಗಿ ಕಾಣಲೆಂದು ಹುಲ್ಲಿಲ್ಲದ ಹಾಸುಬಂಡೆಯ ಮೇಲೆ ಪರೀಕ್ಷೆ ಇಟ್ಟರು. ಒಂದು ಕಡೆ ಕುರ್ಚಿಗಳು, ಇನ್ನೊಂದು ಕಡೆ ಸಾಲಾಗಿ ಹನ್ನೊಂದು ಕಾವಲುಗಾರರು, ನಡುವೆ ದನ. ಬೋರಯ್ಯ ಬೂಟು ಹಾಕಿಕೊಂಡು ಬಂದ. ದನ ಕಂಡದ್ದೇ ಕೈ ಲಾಡಿಗೆ ಹೋಯಿತು. ಬಿಚ್ಚಿ ಓಡಿದರೆ ಅವನ ಹೆಸರು ಉಳಿಯುತ್ತಿತ್ತು. ಇಷ್ಟು ಜನರ ಮುಂದೆ, ಐವತ್ತು ವರ್ಷದ ಹೆಸರು. ಬಿಸಿಲಿನ ಬೇಗೆಗೆ ಬಿಚ್ಚಿದ ಎಂದು ಹೇಳಿ ದರೋಗರು ವರದಿಯನ್ನೂ ಉಳಿಸಿಕೊಳ್ಳುತ್ತಿದ್ದರು. ಬೋರಯ್ಯ ತಲೆ ಎತ್ತಿದ. ಸಾಲಿನ ತುದಿಯಲ್ಲಿ ಪಾತಣ್ಣ ನೋವಿನ ಕಾಲನ್ನು ನೆಟ್ಟಗೆ ಮಾಡಿ, ಗಟ್ಟಿಗನ ಹಾಗೆ ಎದೆ ಸೆಟೆಸಿ ನಿಂತಿದ್ದ. ಅದನ್ನು ನೋಡಿ ಬೋರಯ್ಯನಿಗೆ ಅಳು ಬಂದುಬಿಟ್ಟಿತು. ಲಾಡಿಯಿಂದ ಕೈ ತೆಗೆದ. "ತಪ್ಪಾತು ತಾಯೇ, ಹೊಟ್ಟಿಗಾಕ್ಕಳ್ರಿ," ಎಂದು ದನಗಳಿಗೆ ಕೈ ಮುಗಿದು, ಬೂಟುಗಾಲಲ್ಲೇ ಹೋರಿಗರುವಿನ ಹಿಂದೆ ಬಿದ್ದ.

ಬೇಕೆಂದು ಬೀಳುವ ಕಷ್ಟವನ್ನು ಬೂಟು ಅವನಿಗೆ ಕೊಡಲಿಲ್ಲ. ಬಂಡೆಯ ಮೇಲೆ ಮೊಳೆಯ ಸದ್ದು ಕೇಳಿ ಇಡೀ ದನದ ಹಿಂಡು ಬೆದರಿತು. ಕರು ಎಡಕ್ಕೆ ಹೊರಳಿತು. ಬೋರಯ್ಯನ ಮೈ ಎಡಕ್ಕೆ ಹೊರಳಿತು, ಬೂಟು ಮಾತ್ರ ನೆಟ್ಟಗೆ ಮುಂದಕ್ಕೆ ಜಾರಿತು. ಬಿದ್ದ ರಭಸಕ್ಕೆ ಮುಂದಿನ ಎರಡು ಹಲ್ಲು ಹೋದವು. ಕುರ್ಚಿಗಳಲ್ಲಿದ್ದವರು ನಕ್ಕರು, ಸಾಲಿನಲ್ಲಿದ್ದವರೂ ನಕ್ಕರು. ದಿಕ್ಕೆಟ್ಟು ಓಡಿದ ದನ ಹಿಡಿಯಲು ಮೂರು ದಿನ ಬೇಕಾಯಿತು.

ಪಾತಣ್ಣ ಕುಂಟುತ್ತ ಬಂದು ಪಂಚೆಯ ತುದಿಯಿಂದ ಅವನ ಬಾಯಿ ಒರೆಸಿದ. "ಯಾಕ್ಲೇ, ಬಿಚ್ಚಿ ಓಡಬಾರದಾಗಿತ್ತಾ?"

"ಬಿಚ್ಚಿದ್ರೆ ನೀನು ಮನೀಗೋಗ್ತಿದ್ದೆ ಕಣ್ಲೇ," ಎಂದ ಬೋರಯ್ಯ.

ಹದಿನೈದು ದಿನಕ್ಕೆ ಹುಕುಂ ಬಂತು. ದರೋಗರೇ ನಿಂತು ಓದಿದರು. ಮೂರು ತಿಂಗಳ ಪರೀಕ್ಷೆಯಲ್ಲಿ ಬೂಟು ನಿರ್ದೋಷಿಯೆಂದು ಸಾಬೀತಾಗಿರುವುದರಿಂದ, ಒಂದು ದಿನದ ದೋಷವು ಪಾದದ್ದೇ ಆಗಿರತಕ್ಕದ್ದು. ಈ ಸೀಮೆಯವರ ಪಾದಗಳು ಬೂಟಿಗೆ ತಕ್ಕವಲ್ಲ. ತಕ್ಕ ಪಾದಗಳು ದೊರೆಯುವವರೆಗೆ ಈಗಿರುವ ಬರಿಗಾಲಿನವರೇ ಮುಂದುವರಿಯತಕ್ಕದ್ದು. ಬೋರಯ್ಯನ ಪಾದ ಸರಿಯಿಲ್ಲವೆಂದು ದೊಡ್ಡ ಸಾಹೇಬರು ಪ್ರತ್ಯಕ್ಷ ಕಂಡಿರುವುದರಿಂದ, ಆತನನ್ನು ಮಾತ್ರ ಕೆಲಸದಿಂದ ತೆಗೆಯತಕ್ಕದ್ದು.

"ಉಳಿದ ಹನ್ನೊಂದು ಮಂದಿ ಇರ್ತಾರಾ ಸ್ವಾಮಿ?" ಎಂದು ಬೋರಯ್ಯ ಕೇಳಿದ.

"ಇರುತ್ತಾರೆ."

"ಹಂಗಾದ್ರೆ ಸರಿ ಬಿಡ್ರಿ," ಎಂದು ಬೂಟನ್ನು ಜಗುಲಿಯ ಮೇಲಿಟ್ಟು ಹೋದ.

ಮನೆಯ ತನಕ ಗಟ್ಟಿಯಾಗಿದ್ದವನು ಯರ್ರಮ್ಮನ ಮುಂದೆ ಕೂತು ಅತ್ತ. ಕೆಲಸ ಹೋದದ್ದಕ್ಕಲ್ಲ, ಕಾಲಿಗೆ ಕೆಟ್ಟ ಹೆಸರಿಟ್ಟರಲ್ಲ ಎಂದು. ಮಾರನೇ ವಾರದಿಂದ ಅಣ್ಣನ ಜೊತೆ ದೇವರ ಎತ್ತುಗಳ ರೊಪ್ಪದಲ್ಲಿ ಕೆಲಸಕ್ಕೆ ನಿಂತ.

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಸೋಮಶೇಖರಪ್ಪನವರು ಅಲ್ಲಿಗೆ ಬಂದರು. ಮನೆಯಲ್ಲಿ ಮಗುವಿಗೆ ಹುಷಾರಿಲ್ಲದೆ ಹರಕೆ ಹೊತ್ತಿದ್ದರಂತೆ, ದೇವರ ಎತ್ತಿನ ಬೆನ್ನು ಮುಟ್ಟಿ ನಮಸ್ಕಾರ ಮಾಡಬೇಕಿತ್ತು. ರೊಪ್ಪದ ಬಾಯಿಗೆ ಬೋರಯ್ಯ ನಿಂತಿದ್ದ.

"ಬೂಟು ಬಿಟ್ಟು ಬರ್ರಿ ಸ್ವಾಮಿ."

ದರೋಗರು ಅತ್ತ ಇತ್ತ ನೋಡಿ, ಕಲ್ಲಿನ ಮೇಲೆ ಕೂತು, ಬಹಳ ಹೊತ್ತು ಲಾಡಿ ಬಿಚ್ಚಿದರು. ಒಳಗಿದ್ದ ಪಾದ ಎಳೆ ಮೂಲಂಗಿಯ ಹಾಗೆ ಬೆಳ್ಳಗಿತ್ತು. ಒಂದು ಹೆಜ್ಜೆ ಇಟ್ಟು "ಅಯ್ಯಯ್ಯೋ" ಎಂದರು, ಎರಡನೆಯದಕ್ಕೆ ಬೋರಯ್ಯನ ಭುಜ ಹಿಡಿದುಕೊಂಡರು. ಎತ್ತು ಇನ್ನೂ ನೂರು ಹೆಜ್ಜೆ ದೂರದಲ್ಲಿತ್ತು. ಬೋರಯ್ಯ ಬಗ್ಗಿ ಅವರ ಅಂಗಾಲಿನ ಮುಳ್ಳು ಕಿತ್ತ, ಪಾದವನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಪಾದ ಸರಿಯಿಲ್ಲ ಸ್ವಾಮಿ ನಿಮ್ದು," ಎಂದ. "ಬರ್ರಿ, ನಾನು ಹೊತ್ಕಂಡು ಹೋಗ್ತೀನಿ."