ಹುಳು ಹಣ್ಣಾದ ಸೋಮವಾರ

ಪುಟ್ಟಮಾದಮ್ಮನ ಮನೆಗೆ ರೇಷ್ಮೆ ಹುಳು ಬಂದಿದೆ ಎಂದರೆ ನಮ್ಮ ಬೀದಿಯಲ್ಲಿ ಯಾರೂ ಮೆಣಸಿನಕಾಯಿ ಹುರಿಯುತ್ತಿರಲಿಲ್ಲ. ಬೀಡಿ ಸೇದುವವರು ಕೆರೆ ಏರಿಗೆ ಹೋಗುತ್ತಿದ್ದರು. ಆ ಹುಳುವಿಗೆ ಘಾಟು, ಹೊಗೆ ಆಗದು. ಗಂಡ ತೀರಿಕೊಂಡ ಮೇಲೆ ಮೂವತ್ತು ವರ್ಷ ಆಕೆ ಮುಕ್ಕಾಲು ಎಕರೆ ಹಿಪ್ಪುನೇರಳೆ ನಂಬಿ ಬದುಕಿದವಳು.

ಕೊಳ್ಳೇಗಾಲದ ಅಂಚಿನ ನಮ್ಮೂರನ್ನು ಪೇಟೆಯ ನಗರಸಭೆಗೆ ಸೇರಿಸುತ್ತಾರೆಂಬ ಸುದ್ದಿ ಬಂದಾಗ ಕಂದಾಯ ಏರುತ್ತದೆ, ನರೇಗಾ ಕೂಲಿ ನಿಲ್ಲುತ್ತದೆ ಎಂದು ಜನ ಗೊಣಗಿದರು. ಪುಟ್ಟಮಾದಮ್ಮನ ಭಯವೇ ಬೇರೆ. ಪೇಟೆಯ ಬೀದಿಗಳಲ್ಲಿ ಸೊಳ್ಳೆಗೆ ಔಷಧಿ ಹೊಗೆ ಬಿಡುವ ಮಿಷನ್ನನ್ನು ಆಕೆ ಕಂಡಿದ್ದಳು.

“ಸೊಳ್ಳೆ ಸಾಯ್ತದೆ ಸರಿ, ನನ್ನ ಉಳ ಬದುಕ್ತವಾ ಅಣ್ಣಯ್ಯ?” ಎಂದು ನನ್ನನ್ನು ಕೇಳಿದಳು.

ಊರನ್ನು ಸೇರಿಸಬೇಡಿ ಎಂದು ನಾನು ಅರ್ಜಿ ಬರೆದೆ. ಊರೆಲ್ಲ ಸಹಿ, ಹೆಬ್ಬೆಟ್ಟು ಹಾಕಿತು. ತಕರಾರಿದ್ದವರು ಖುದ್ದಾಗಿ ಬಂದು ಹೇಳಲಿ ಎಂದು ಕಚೇರಿಯವರು ಒಂದು ಸೋಮವಾರ ಹನ್ನೊಂದು ಗಂಟೆಗೆ ಗೊತ್ತುಮಾಡಿದರು.

ಮಂಗಳವಾರ ಹಣ್ಣಾಗಬೇಕಿದ್ದ ಹುಳು ಸೆಕೆಗೆ ಸೋಮವಾರ ಬೆಳಗ್ಗೆಯೇ ಹಣ್ಣಾಯಿತು. ಮೇವು ಬಿಟ್ಟು, ಹಳದಿಗೆ ತಿರುಗಿ, ಕತ್ತೆತ್ತಿದ ಹುಳುವನ್ನು ಆಗಲೇ ಸಾಕುವ ತಟ್ಟೆಯಿಂದ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಂಡಲ್ಲಿ ನೂಲು ಸುರಿಸಿ ಕೆಡುತ್ತದೆ. ಒಬ್ಬರ ಹುಳು ಹಣ್ಣಾದರೆ ಬೀದಿಯೇ ಬಂದು ಕೈಹಾಕುವುದು ನಮ್ಮಲ್ಲಿ ರೂಢಿ. ಕರೆಯುವುದೂ ಬೇಕಿಲ್ಲ.

ಊರ ಪರವಾಗಿ ಅರ್ಜಿ ಹಿಡಿದು ಕಚೇರಿಗೆ ಹೊರಟಿದ್ದ ಪಕ್ಕದ ಮನೆಯ ಚಿಕ್ಕಸಿದ್ದಯ್ಯನೂ ಚಪ್ಪಲಿ ಬಿಟ್ಟು ಒಳಗೆ ಬಂದ.

“ಲೇ ಸಿದ್ದ, ನೀ ಓಗ್ಲಾ ಆಪೀಸ್ಗೆ,” ಎಂದೆ.

“ಈ ತಟ್ಟೆ ಮುಗಿಸ್ಕಂಡು ಓಯ್ತೀನಿ ಕಣಣ್ಣ. ಆಪೀಸ್ನೋರು ಯಾವತ್ತು ಟೈಮಿಗೆ ಬಂದವ್ರೆ?”

“ಎಮ್ಮೆ ಉಜ್ದಂಗೆ ಉಜ್ತಾ ಇದ್ದೀಯಲ್ಲಾ! ಕಿವುಚ್ಬ್ಯಾಡ ಕಣ್ಲಾ,” ಎಂದು ಪುಟ್ಟಮಾದಮ್ಮ ಗದರಿದಳು. ಎಲ್ಲರೂ ನಕ್ಕೆವು. ಅವನನ್ನು ಎಬ್ಬಿಸಿ ಕಳಿಸಬೇಕಾಗಿದ್ದ ನಾನೂ ನಗುತ್ತ ಹುಳು ಆರಿಸುತ್ತ ಕುಳಿತೆ.

ಕೊನೆಯ ತಟ್ಟೆ ಮುಗಿದಾಗ ಎರಡೂವರೆ. ಸಿದ್ದಯ್ಯ ಬೈಕಿನಲ್ಲಿ ಓಡಿದ. ಸಂಜೆ ಜೋಲುಮೋರೆ ಹಾಕಿಕೊಂಡು ಬಂದ.

“ನಿಮ್ಮೂರಿಂದ ಒಬ್ರೂ ಬರ್ನಿಲ್ಲ, ತಕರಾರಿಲ್ಲ ಅಂತ ಬರ್ಕಂಡ್ವಿ ಅಂದ್ರು ಕಣಕ್ಕ.”

ಮತ್ತೆ ಮೂರು ಸಲ ಹೋದೆವು. ಗಡುವು ಮುಗಿದಿತ್ತು. ವರ್ಷದೊಳಗೆ ಊರು ಪೇಟೆಗೆ ಸೇರಿತು.

ಹೊಗೆ ಮಿಷನ್ ಬಂದದ್ದು ಒಂದು ಇಳಿಹೊತ್ತಿನಲ್ಲಿ. ಹುಳು ನಾಲ್ಕನೆಯ ಪೊರೆ ಬಿಟ್ಟು ಹಸಿದು ಸೊಪ್ಪು ಮುಕ್ಕುತ್ತಿತ್ತು. ಪುಟ್ಟಮಾದಮ್ಮ ಗಾಡಿಗೆ ಅಡ್ಡ ನಿಂತಳು.

“ಈ ಬೀದಿ ಒಂದ ಬುಟ್ಬುಡಿ ಸಾ, ಎಂಟೇ ದಿನ.”

“ಲಿಸ್ಟಲ್ಲಿ ಅದೆ ಕಣಮ್ಮ. ಬುಟ್ರೆ ನನ್ನ ಕೇಳ್ತಾರೆ.” ಮಿಷನ್ನಿನವನು ಕೆಟ್ಟವನೇನಲ್ಲ. ಆಕೆ ಕಿಟಕಿಗೆ ಒದ್ದೆ ಗೋಣಿ ಕಟ್ಟುವವರೆಗೆ ಕಾದ.

ಬೆಳಗಾದಾಗ ಹುಳು ಹಸಿರು ಕಕ್ಕಿ ಸುರುಟಿಕೊಂಡಿತ್ತು. ಹಿತ್ತಿಲಲ್ಲಿ ಗುಂಡಿ ತೋಡಿದೆವು. ಆ ಮೇಲೆ ಆಕೆ ಹುಳು ತರಲಿಲ್ಲ. ಹಿಪ್ಪುನೇರಳೆ ಸೊಪ್ಪನ್ನು ಆಡಿನವರು ಕುಯ್ದೊಯ್ಯುತ್ತಾರೆ.

ಹೋದ ವಾರ ಸಿದ್ದಯ್ಯ, “ಇನ್ನೊಂದು ಅರ್ಜಿ ಕೊಡಾನ ಕಣಕ್ಕ,” ಎಂದ.

ಪುಟ್ಟಮಾದಮ್ಮ ಸೊಪ್ಪಿನ ಸಾಲಿನ ಕಡೆಯೇ ನೋಡುತ್ತಿದ್ದಳು. “ಆ ಸೋಮವಾರ ನೀವ್ಯಾರೂ ನನ್ನ ಮನೆಗೆ ಬರ್ಬಾರ್ದಾಗಿತ್ತು ಕಣ್ಲಾ. ಒಂದು ಬೆಳೆ ಓಯ್ತಿತ್ತು, ಅಷ್ಟೇಯ.”