ಬಕೆಟ್ಟಿನಲ್ಲಿ ಏಳನೇ ತಿಂಗಳು

ತೊಂಬತ್ತರ ದಶಕದ ನಡುವೆ, ಸಿಂಗಪುರದಲ್ಲಿ ನಮ್ಮ ಎರಡನೇ ವರ್ಷ, ಒಂದು ಮಧ್ಯಾಹ್ನ ಬಚ್ಚಲುಮನೆಯ ಬಕೆಟ್ಟಿನೊಳಗಿಂದ ಯಾರೋ ಗಂಟಲು ಸರಿಮಾಡಿಕೊಂಡರು.

ಗಾಬರಿ ಬೇಡ, ಅದು ಮೀನು. ದಕ್ಷಿಣ ಅಮೆರಿಕದ ಸಿಹಿನೀರಿನ ಕ್ಯಾಟ್‌ಫಿಶ್. ಮೀಸೆ ಹೊತ್ತ ಗಂಭೀರ ಮುಖ; ರೆಕ್ಕೆಯ ಮುಳ್ಳನ್ನು ಕೀಲಿನಲ್ಲಿ ಉಜ್ಜಿ ‘ಗ್ರ್ರ್’ ಎನ್ನುವ ಪೈಕಿ. ಇಂಥವು ಅಲ್ಲಿನ ನದಿಗಳಿಂದ ವಿಮಾನವೇರಿ ಇಲ್ಲಿಯ ವ್ಯಾಪಾರಿಗಳ ಕೈಸೇರಿ, ಮುಂದೆ ಲೋಕದ ನಡುಮನೆಗಳ ಗಾಜಿನ ತೊಟ್ಟಿಗಳಿಗೆ ಹೋಗುತ್ತವೆ. ಅವುಗಳಲ್ಲಿ ಇನ್ನೂ ಹೆಸರಿಲ್ಲದ್ದನ್ನು ಆರಿಸಿ, ಕೊಂದು, ಅಳೆದು, ಲ್ಯಾಟಿನ್ ಹೆಸರಿಟ್ಟು ಪ್ರಕಟಿಸುವುದು ನನ್ನ ಉದ್ಯೋಗ. ಈರುಳ್ಳಿಯನ್ನೂ ಒಳಗೆ ಬಿಡದ ಮೈಸೂರಿನ ಮನೆಯಲ್ಲಿ ಹುಟ್ಟಿದವನಿಗೆ ಇದು ಸಲ್ಲುತ್ತದೆಯೇ ಎಂದವರಿಗೆ, ನಾನು ಕೊಲ್ಲುತ್ತೇನೆಯೇ ಹೊರತು ತಿನ್ನುವುದಿಲ್ಲ ಎಂದು ಉತ್ತರಿಸಿದ್ದೇನೆ.

ನಾನು ಕೆಲಸಕ್ಕಿದ್ದ ಮ್ಯೂಸಿಯಮ್ಮಿನ ತೊಟ್ಟಿ ಸೋರುತ್ತಿತ್ತು. ಹಾಗಾಗಿ ಸೋಮವಾರದವರೆಗೆ ಮೀನಿಗೆ ನಮ್ಮಲ್ಲೇ ಬಿಡಾರ. ‘ನಮ್ಮಲ್ಲಿ’ ಎಂದರೆ ಎತ್ತರದ ಫ್ಲ್ಯಾಟೊಂದರ ಬಾಡಿಗೆ ಕೋಣೆ. ಮೈಸೂರಿನಲ್ಲಿ ಮನೆ ಹಿಡಿದರೆ ಮಾಲೀಕರ ಬಾವಿಯಲ್ಲಷ್ಟೇ ಪಾಲು. ಇಲ್ಲಿ ಕೋಣೆ ಹಿಡಿದ ನಮಗೆ ಮಾಲೀಕಳ ಅಡುಗೆಮನೆ, ಬಚ್ಚಲು, ವೈಧವ್ಯ ಎಲ್ಲದರಲ್ಲೂ ಪಾಲು. ಆಕೆ ಚೀನೀ ಮುದುಕಿ. ನಾವು ‘ಆಂಟಿ’ ಎನ್ನುತ್ತಿದ್ದೆವು. ಆಕೆಯ ಇಂಗ್ಲಿಷಿನಲ್ಲಿ ಕ್ರಿಯಾಪದ ಕಡಿಮೆ. ಆ ಕೊರತೆಯನ್ನು ‘ಲಾ’ ಎಂಬ ಇಲ್ಲಿನ ಬಾಲಂಗೋಚಿ ತುಂಬುತ್ತಿತ್ತು. ನಮ್ಮ ಮಾತಿಗೆ ಇಳಿಸಿಕೊಡುತ್ತೇನೆ.

“ಅಂಕಲ್ ಬಂದಿದಾರೆ ಲಾ,” ಎಂದರು ಆಂಟಿ, ನೆಲ ಒರೆಸುವ ಕೋಲು ಹಿಡಿದೇ. ಅಂಕಲ್ ಎಂದರೆ ತೀರಿಹೋದ ಅವರ ಗಂಡ. “ಬಚ್ಚಲಲ್ಲಿದ್ರೆ ಹೀಗೇ ಕೆಮ್ಮೋದು. ಚಿಲಕ ಹಾಕ್ತಿರ್ಲಿಲ್ಲ.”

“ಆಂಟಿ, ಅದು ಮೀನು.”

“ಮೀನು ಅಂತ ಕಾಣ್ಸುತ್ತೆ ಲಾ, ನಾನೇನು ಕುರುಡೀನಾ? ಮಾರ್ಕೆಟ್ಟಲ್ಲಿ ಜೀವಮಾನವೆಲ್ಲ ಮೀನು ಮಾರಿದೀನಿ. ಒಂದಾದ್ರೂ ಕೆಮ್ತಾ?”

ಅದು ಚೀನೀಯರ ಏಳನೇ ತಿಂಗಳು. ಸತ್ತವರ ಲೋಕದ ಬಾಗಿಲು ತೆರೆದಿರುವ ಕಾಲ. ನಮ್ಮ ಪಿತೃಗಳು ಪಕ್ಷದಲ್ಲಿ ಬಂದು ಎಳ್ಳುನೀರಿಗೆ ತೃಪ್ತರಾಗುತ್ತಾರೆ. ಇಲ್ಲಿಯವರಿಗೆ ಇಡೀ ತಿಂಗಳ ರಜೆ. ಅವರಿಗಾಗಿ ಫ್ಲ್ಯಾಟುಗಳ ಕೆಳಗೆ ಕಾಗದದ ಕಾರು, ಕಾಗದದ ಟೀವಿ ಸುಡುತ್ತಾರೆ. ತಿಂಗಳು ಮುಗಿಯುವವರೆಗೆ ಮೀನನ್ನು ಮುಟ್ಟಬೇಡ ಎಂದರು ಆಂಟಿ.

ನನಗೋ ಕಾಯುವ ಹಾಗಿರಲಿಲ್ಲ. ಅದೇ ಮೀನು ಜರ್ಮನಿಯ ವಿದ್ವಾಂಸನೊಬ್ಬನಿಗೂ ಹೋಗಿದೆಯೆಂದು ವ್ಯಾಪಾರಿ ಹೇಳಿದ್ದ. ನಮ್ಮ ಶಾಸ್ತ್ರದಲ್ಲಿ ಮೊದಲು ಅಚ್ಚಾದ ಹೆಸರೇ ಹೆಸರು. ಹೆಸರಿಟ್ಟವನ ಹೆಸರೂ ಅದರ ಬೆನ್ನಿಗೆ ಶಾಶ್ವತ. ನನ್ನ ಹೆಸರು ಹೊತ್ತ ಮೀನು ಅದುವರೆಗೆ ಒಂದೂ ಇರಲಿಲ್ಲ.

“ರೀ, ಮನೆಗೆ ಬಂದ ಹಿರೀಕರನ್ನ ಯಾರಾದ್ರೂ ಸೀಸೆಗೆ ಹಾಕ್ತಾರಾ?” ಎಂದಳು ನನ್ನ ಹೆಂಡತಿ ಶಾರದೆ.

ಕಾದೆ. ಆಂಟಿ ದಿನವೂ ಸ್ಟೂಲು ಹಾಕಿಕೊಂಡು, ಕಾಫಿ ಕುಡಿಯುತ್ತ, ಮಗನ ದುರ್ನಡತೆಗಳನ್ನು ಬಕೆಟ್ಟಿಗೆ ವರದಿ ಮಾಡುತ್ತಿದ್ದರು. ಬಕೆಟ್ಟು ‘ಗ್ರ್ರ್’ ಎನ್ನುತ್ತಿತ್ತು, ಅದೂ ಸರಿಯಾದ ಜಾಗದಲ್ಲಿ. ವಿಜ್ಞಾನದಲ್ಲಿ ಡಾಕ್ಟರೇಟು ಪಡೆದ ನಾನು ಬಚ್ಚಲ ಬಾಗಿಲು ಬಡಿದು ಒಳಗೆ ಹೋಗತೊಡಗಿದೆ. ಟವೆಲು ಬಿಚ್ಚದೆ ಸ್ನಾನ ಮಾಡತೊಡಗಿದೆ.

ತಿಂಗಳು ಮುಗಿದ ಮರುದಿನ ಆಂಟಿ, “ಹೋದ್ರು. ತಗೋ,” ಎಂದರು. ಬಲೆಯಲ್ಲಿ ಎತ್ತಿದೆ. ಅಂಥ ಮೀನು ಎತ್ತಿದಾಗಲೇ ಹೆಚ್ಚು ಕೂಗಬೇಕು. ಜೀವವಿತ್ತು, ಮೀಸೆ ಆಡುತ್ತಿತ್ತು. ಸದ್ದು ಮಾತ್ರ ಇಲ್ಲ. ‘ಪಳಗಿದೆ’ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಲಿಲ್ಲ.

ಅಂಕಲ್ಲರ ಹೆಸರನ್ನೇ ಲ್ಯಾಟಿನ್ನಿಗೆ ಬಗ್ಗಿಸಿ ಅದಕ್ಕಿಟ್ಟೆ. ಲೇಖನ ಅಚ್ಚಾಗುವಷ್ಟರಲ್ಲಿ ಜರ್ಮನಿಯವನದು ಬಂದಾಗಿತ್ತು. ಆಂಟಿಗೆ ಹೇಳಲೇಬೇಕಾಯಿತು.

“ಪುಸ್ತಕದಲ್ಲಿ ಅವರ ಹೆಸರು ಇದೆಯಾ, ಇಲ್ವಾ?”

“ಇದೆ ಆಂಟಿ. ಆದರೆ ಆ ಹೆಸರಿಗೆ ಮೀನಿಲ್ಲ.”

“ಸರಿಯಾಗೇ ಇದೆ ಲಾ. ಅವರಿಗೂ ಈಗ ಮೈ ಇಲ್ಲ.” ಆಮೇಲೆ ಕೇಳಿದರು: “ನಿನ್ನ ಅಪ್ಪ ಇದಾರಾ?”

ಇಲ್ಲವೆಂದೆ.

ಮುಂದಿನ ಏಳನೇ ತಿಂಗಳಲ್ಲಿ, ಅಪ್ಪನ ತಿಥಿಯ ಬೆಳಗ್ಗೆ, ಆಂಟಿಯ ಊದಿನಕಡ್ಡಿಯ ಮುಂದೆ ಎರಡು ಲೋಟ ಕಾಫಿಯಿತ್ತು. “ಒಂದು ನಿಮ್ಮಪ್ಪಂಗೆ. ನಮ್ಮವರಿಗೋಸ್ಕರ ನೀನು ಒಂದು ತಿಂಗಳು ಕಾದೆ ಲಾ.”

ಪರಸ್ಥಳದಲ್ಲಿ ನೀರೂ ಮುಟ್ಟದ ಮನುಷ್ಯ ಅಪ್ಪ, ಸಮುದ್ರ ದಾಟಿದವರಲ್ಲ. ಅದೇ ದಿನ ಮೈಸೂರಿನಲ್ಲಿ ಅಣ್ಣ ಅವರಿಗೆ ಎಲೆ ಹಾಕಿ ಕಾದಿರುತ್ತಾನೆ. ಇಲ್ಲಿನ ಗಡಿಯಾರ ಎರಡೂವರೆ ಗಂಟೆ ಮುಂದು; ಕಾಫಿ ಮುಗಿಸಿಕೊಂಡೂ ಅಲ್ಲಿಯ ಊಟಕ್ಕೆ ತಲುಪಬಹುದು ಎಂದು ಲೆಕ್ಕ ಹಾಕಿದೆ. ಆಮೇಲೆ ಭಯವಾಯಿತು. ಅಪ್ಪ ದಾರಿ ತಪ್ಪುತ್ತಾರೆಂದಲ್ಲ. ಬಂದವರು, “ಇದೇನಯ್ಯ, ನೀನು ಇಲ್ಲಿಯವನೇ ಆಗಿಬಿಟ್ಟೆಯಾ?” ಎಂದು ಕೇಳಿದರೆ ಏನು ಹೇಳಲಿ ಎಂದು. ಲೋಟದ ಹಬೆ ಆರುವವರೆಗೂ ಅಲ್ಲೇ ಕೂತಿದ್ದೆ. ಯಾರೂ ಕೇಳಲಿಲ್ಲ.